ಓರೆಪಟ್ಟೆಯ ಗೋಬಿ ಮತ್ತು ಪೋಹೆ ವಿಭಾಗ

ಹಲ್ಲುನೋವಿದ್ದಾಗ ಸಿಟ್ಟು ಬಂದರೆ ಭಾರಿ ಫಜೀತಿ. ಬಾಯಿ ಅಗಲಿಸಿ ಜಗಳ ಮಾಡುವ ಹಾಗಿಲ್ಲ. ಕಳೆದ ತಿಂಗಳು ಬಿಬವೇವಾಡಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದ ದಂತವೈದ್ಯರಲ್ಲಿ ಎಡಗೆನ್ನೆಯನ್ನು ಅಂಗೈಯಲ್ಲಿ ಹೊತ್ತು ಕೂತಿದ್ದೆ. ಎದುರಿಗೆ ಗೋಡೆಯಗಲದ ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ಮೀನುಗಳು. ಈಗ ಪುಣೆಯಲ್ಲಿ ಸ್ವಲ್ಪ ಚೆನ್ನಾಗಿ ನಡೆಯುವ ದವಾಖಾನೆಗಳಿಗೆಲ್ಲ ಇಂಥದೊಂದು ತೊಟ್ಟಿ ಬಂದಿದೆ. ರೋಗಿಗಳ ಮನಸ್ಸು ತಣ್ಣಗಿರಲಿ ಎಂದಂತೆ. ನನ್ನ ಮನಸ್ಸು ಮಾತ್ರ ಕುದಿಯತೊಡಗಿತು. ತೊಟ್ಟಿಯ ಮೂಲೆಯಲ್ಲಿ ಬೆರಳುದ್ದದ ಒಂದು ಹಳದಿ ಮೀನು ಮರಳಿನ ಮೇಲೆ ಗದ್ದ ಊರಿ ಕೂತಿತ್ತು. ಅದರ ಕೆಳಗೆ ಗಾಜಿಗೆ ಅಂಟಿಸಿದ ಚೀಟಿ: ‘ಡ್ರ್ಯಾಗನ್ ಫಿಶ್. ಅದೃಷ್ಟ ತರುತ್ತದೆ.’

ನಾನು ಎದ್ದು ಹೋಗಿ ಕೌಂಟರಿನ ಹುಡುಗಿಗೆ ನನ್ನ ಊದಿದ ಕೆನ್ನೆಯ ಮರಾಠಿಯಲ್ಲಿ ಹೇಳಿದೆ, ಅದು ಡ್ರ್ಯಾಗನ್ನೂ ಅಲ್ಲ, ಅದೃಷ್ಟವೂ ಅಲ್ಲ, ಅದು ಗೋಬಿ. ಆಕೆ ನನ್ನನ್ನು ಕನಿಕರದಿಂದ ನೋಡಿದಳು. ಗೋಬಿ ತಿಂದು ಹಲ್ಲು ನೋಯಿಸಿಕೊಂಡಿದ್ದಾನೆ ಮುದುಕ ಎಂದುಕೊಂಡಳೇನೋ. “ಕಾಕಾ, ಬಸಾ. ತುಮಚಾ ನಂಬರ ಸಾತ,” ಎಂದಳು. ಕೂತುಕೊಳ್ಳಿ, ನಿಮ್ಮದು ಏಳನೆಯ ನಂಬರು. ಕೂತುಕೊಂಡೆ. ಆದರೆ ಆ ಚೀಟಿ ನನ್ನ ತಲೆಯಿಂದ ಏಳಲಿಲ್ಲ. ಒಂದು ಪ್ರಾಣಿಯನ್ನು ತಂದು ಸಾರ್ವಜನಿಕರ ಎದುರು ಕೂಡಿಸಿ, ಅದರ ಹೆಸರನ್ನು ಸರಿಯಾಗಿ ವಿಚಾರಿಸುವಷ್ಟೂ ಸೌಜನ್ಯ ಇಲ್ಲವೆಂದರೆ ಹೇಗೆ?

ನಿಮಗೆ ಇದು ಅತಿಯಾಯಿತು ಅನ್ನಿಸಬಹುದು. ನನ್ನ ಕಡೆಯಿಂದ ಸ್ವಲ್ಪ ಕೇಳಿ. ಗೋಬಿ ಎಂದರೆ ಹೂಕೋಸಲ್ಲ. ಹವಳದ ದಂಡೆಯ ಮರಳಿನಲ್ಲಿ ಇರುವ ಸಣ್ಣ ಮೀನು. ಅದಕ್ಕೆ ಬಿಲ ತೋಡಲು ಬರುವುದಿಲ್ಲ. ಬಿಲ ತೋಡುವುದು ಸೀಗಡಿ. ಸೀಗಡಿಗೆ ಕಣ್ಣು ಇದ್ದೂ ಇಲ್ಲದ ಹಾಗೆ. ಹೀಗಾಗಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಸೀಗಡಿ ಬೆಳಗಿನಿಂದ ಸಂಜೆಯವರೆಗೆ ಮರಳು ಹೊತ್ತು ಹೊರಗೆ ಹಾಕುತ್ತದೆ. ಗೋಬಿ ಬಾಗಿಲಲ್ಲಿ ಕೂತು ಕಾವಲು ಕಾಯುತ್ತದೆ. ಸೀಗಡಿ ಹೊರಗೆ ಬಂದಾಗಲೆಲ್ಲ ತನ್ನ ಉದ್ದ ಮೀಸೆಯೊಂದನ್ನು ಗೋಬಿಯ ಮೈಮೇಲೆ ಇಟ್ಟಿರುತ್ತದೆ. ಅಪಾಯ ಕಂಡರೆ ಗೋಬಿ ಬಾಲವನ್ನು ಒಮ್ಮೆ ಅದುರಿಸಿದರೆ ಸಾಕು, ಸೀಗಡಿ ಒಳಗೆ. ಇನ್ನೂ ಹೆಚ್ಚಾದರೆ ಗೋಬಿಯೂ ತಲೆ ಮುಂದೆ ಮಾಡಿ ಒಳಗೆ.

ಇದನ್ನು ನಮ್ಮ ಮನೆಯ ತೊಟ್ಟಿಯಲ್ಲಿ ನೋಡಿದ ನೆಂಟರೆಲ್ಲರೂ, ಒಬ್ಬರೂ ಬಿಡದಂತೆ, ಒಂದೇ ಮಾತು ಹೇಳುತ್ತಿದ್ದರು: “ಥೇಟ್ ಗಂಡ ಹೆಂಡ್ತಿ ಹಂಗ ಅದಾವಲ್ರಿ!” ಆಗಲೂ ನನಗೆ ಮೈ ಉರಿಯುತ್ತಿತ್ತು. ಯಾವ ಗಂಡ, ಯಾವ ಹೆಂಡತಿ? ಸೀಗಡಿಗಳು ಎರಡಿದ್ದವು, ಅವೇ ಬೇಕಾದರೆ ಗಂಡ ಹೆಂಡತಿ. ಗೋಬಿ ಬಾಡಿಗೆಯವನು. ಪುಣೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಹನ್ನೊಂದು ಮನೆ ಬದಲಿಸಿದ ನನಗೆ ಬಾಡಿಗೆಯವನ ಗುರುತು ಸಿಗದೆ ಇರುತ್ತದೆಯೇ? ಬಾಗಿಲಲ್ಲಿ ಕೂತು, ಬಂದವರನ್ನು ನೋಡಿ, ಮಾಲೀಕರಿಗೆ ಸುದ್ದಿ ಮುಟ್ಟಿಸಿ, ಒಳಗೊಂದು ಮೂಲೆ ಗಿಟ್ಟಿಸಿಕೊಳ್ಳುವವನು ಬಾಡಿಗೆಯವನೇ.

ಮೀನಿನ ಹುಚ್ಚು ನನಗೆ ಧಾರವಾಡದಲ್ಲೇ ಹತ್ತಿದ್ದು. ಕೆಲಗೇರಿ ಕೆರೆಯಲ್ಲಿ ಪಂಚೆ ಹಿಡಿದು ಎರಡು ಮರಿ ಮೀನು ಹಿಡಿದು, ಯಾರಿಗೂ ಕಾಣದಂತೆ ತಂದು, ಅಜ್ಜಿಯ ಮಾವಿನಕಾಯಿ ಉಪ್ಪಿನಕಾಯಿಯ ಖಾಲಿ ಭರಣಿಯಲ್ಲಿ ಬಿಟ್ಟಿದ್ದೆ. ತೊಳೆದ ಭರಣಿಯೇ. ಆದರೆ ವರ್ಷಗಟ್ಟಲೆ ಖಾರ ಕುಡಿದ ಭರಣಿ ಒಂದು ತೊಳೆತಕ್ಕೆ ಬಿಡುತ್ತದೆಯೇ? ಮೀನು ಎರಡೂ ಮರುದಿನ ಮಗುಚಿ ಬಿದ್ದಿದ್ದವು. ಅಜ್ಜಿಗೆ ಗೊತ್ತಾದಾಗ ಮನೆಯೆಲ್ಲ ಮೈಲಿಗೆಯಾಯಿತೆಂದು ನನಗೆ ಹಿತ್ತಲಲ್ಲೇ ತಣ್ಣೀರು ಸುರಿದಳು. ಭರಣಿಯನ್ನು ಒಡೆದು ಹಾಕಿದಳು. ಆಕೆಗೆ ಸಿಟ್ಟು ಬಂದದ್ದು ಮೀನು ಸತ್ತದ್ದಕ್ಕೋ, ಭರಣಿ ಹೋದದ್ದಕ್ಕೋ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆತನದ ಸಿಟ್ಟಿಗೆ ಮೊದಲಿನಿಂದಲೂ ದಿಕ್ಕು ಸ್ವಲ್ಪ ಕಡಿಮೆ.

ತೊಂಬತ್ತರ ದಶಕದಲ್ಲಿ ಬ್ಯಾಂಕಿನ ಕೆಲಸ ನನ್ನನ್ನು ಪುಣೆಗೆ ತಂದು ಹಾಕಿತು. ಹೆಂಡತಿ ಶಾರದಾ, ಎರಡು ಕೋಣೆ, ಒಂದು ಗಾಜಿನ ತೊಟ್ಟಿ. ಸಮುದ್ರದ ಮೀನು ಸಾಕುವುದಕ್ಕೆ ಆಗ ಈಗಿನಂತೆ ಪೊಟ್ಟಣದ ಉಪ್ಪು ಎಲ್ಲ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಾನು ಎರಡು ವಾರಕ್ಕೊಮ್ಮೆ ಅಲಿಬಾಗಕ್ಕೆ ಹೋಗಿ ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿ ಸರಕಾರಿ ಎಸ್‌ಟಿ ಬಸ್ಸಿನಲ್ಲಿ ತರುತ್ತಿದ್ದೆ. ಒಬ್ಬ ಕಂಡಕ್ಟರ್ ಕ್ಯಾನಿನಲ್ಲಿ ಏನಿದೆ ಎಂದು ಕೇಳಿದ. ನೀರು ಎಂದೆ. “ಪುಣ್ಯಾತ ಪಾಣೀ ನಾಹೀ?” ಎಂದು ಕಣ್ಣು ಕಿರಿದು ಮಾಡಿದ. ಪುಣೆಯಲ್ಲಿ ನೀರಿಲ್ಲವೇ ಎಂದು. ನಂಬದೆ, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು, ಕಿಟಕಿಯಿಂದ ಹೊರಗೆ ಉಗುಳಿ, ಟಿಕೆಟ್ಟು ಹರಿಯುವುದನ್ನೇ ಮರೆತು ನನ್ನನ್ನು ಖಂಡಾಲಾ ಘಾಟಿನುದ್ದಕ್ಕೂ ನೋಡುತ್ತ ಕೂತಿದ್ದ. ಇಡೀ ಬಸ್ಸು ನೋಡಿತು. ಅವಮಾನವಾಯಿತು, ಆದರೆ ಮೀನಿಗಾಗಿ ನುಂಗಿಕೊಂಡೆ.

ಗೋಬಿ ನಮ್ಮ ಮನೆಗೆ ಬಂದದ್ದು ಆ ದಶಕ ಮುಗಿಯುತ್ತ ಬಂದಾಗ. ನನ್ನ ದೊಡ್ಡಪ್ಪನ ಮಗ ಭೀಮಣ್ಣ ದೌಂಡದಲ್ಲಿ ರೈಲ್ವೆ ಕೆಲಸದಲ್ಲಿದ್ದ. ಅವನು ಪಾಸಿನ ಮೇಲೆ ಕುಟುಂಬ ಸಮೇತ ರಾಮೇಶ್ವರಕ್ಕೆ ಹೋಗುವವನಿದ್ದ. ಬರುವಾಗ ಮದ್ರಾಸಿನ ಮೀನಿನ ಅಂಗಡಿಯಿಂದ ಸೀಗಡಿ ಸಮೇತ ಒಂದು ಗೋಬಿ ತಾ ಎಂದು ಕಾಡಿ ಬೇಡಿ ಒಪ್ಪಿಸಿದ್ದೆ. ಅವನು ದೌಂಡಕ್ಕೆ ಬಂದಿಳಿದ ದಿನ ನಾನು ಅವನ ಕ್ವಾರ್ಟರ್ಸಿಗೆ ಹೋದೆ. ದೇವರ ಗೂಡಿನ ಕೆಳಗೆ ರಾಮೇಶ್ವರದ ಗುಡಿಯ ಬಾವಿಗಳ ತೀರ್ಥದ ಕ್ಯಾನು, ಅದರ ಪಕ್ಕದಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಮೀನು.

“ತಮ್ಮಾ, ನಿನ್ನ ಮೀನು ಮದ್ರಾಸಿನಿಂದ ಇಲ್ಲೀತನಕಾ ನನ್ನ ತೊಡೀ ಮ್ಯಾಲೆ ಕೂತು ಬಂದಾವ. ನನ್ನ ಮಕ್ಕಳ್ನೂ ನಾ ಹಿಂಗ ಕೂಡಿಸ್ಕೊಂಡಿಲ್ಲ,” ಎಂದ ಭೀಮಣ್ಣ.

ಅವನ ಹೆಂಡತಿ ಸುಶೀಲಾ ವೈನಿ ಒಳಗಿನಿಂದ ಹೇಳಿದರು: “ನಾನೂ ಒಂದು ಉದ್ಧರಣಿ ತೀರ್ಥ ಹಾಕೀನಿ ಚೀಲದಾಗ. ಒಳ್ಳೇದಾಗ್ತದ.”

ಸಮುದ್ರದ ಮೀನಿಗೆ ಬಾವಿಯ ತೀರ್ಥ! ಆದರೆ ಒಂದೇ ಉದ್ಧರಣಿ ಆದ್ದರಿಂದಲೋ, ವೈನಿಯ ಭಕ್ತಿ ಗಟ್ಟಿಯಾದ್ದರಿಂದಲೋ ಮೀನೂ ಬದುಕಿತು, ಎರಡು ಸೀಗಡಿಗಳೂ ಬದುಕಿದವು. ನಮ್ಮ ತೊಟ್ಟಿಗೆ ಬಂದ ಎರಡನೆಯ ದಿನವೇ ಸೀಗಡಿಗಳು ಒಂದು ಕಲ್ಲಿನ ಕೆಳಗೆ ಗುದ್ದಲಿ ಪೂಜೆ ಮಾಡಿದವು. ಗೋಬಿ ಬಾಗಿಲಲ್ಲಿ ಕೂತಿತು.

ಈಗ ಶಾರದಾಳ ವಿಷಯ. ಆಕೆ ಕಸೂತಿಯವಳು. ನಮ್ಮ ಧಾರವಾಡದ ಕಡೆಯ ಕಸೂತಿ ಗೊತ್ತಿದ್ದವರಿಗೆ ಗೊತ್ತು, ಅದರಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುವುದು, ಸೂಜಿ ಹಾಕುವುದು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ಆನೆಗೆ ಸೊಂಡಿಲು ಗಿಡ್ಡವಾಗುತ್ತದೆ. ಗವಂತಿ ಎಂಬ ಹೊಲಿಗೆಯಲ್ಲಂತೂ ಬಟ್ಟೆಯ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು, ಎಲ್ಲಿಯೂ ಗಂಟು ಇರಬಾರದು. ತೊಟ್ಟಿ ಇದ್ದ ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿತ್ತು. ಮಧ್ಯಾಹ್ನ ಆಕೆ ಅಲ್ಲಿಯೇ ಕುರ್ಚಿ ಹಾಕಿಕೊಂಡು ಇಳಕಲ್ ಸೀರೆಯ ಸೆರಗು ತುಂಬುತ್ತ ಕೂರುತ್ತಿದ್ದಳು. ಮೊದಮೊದಲು ಮೀನಿನ ಬಗ್ಗೆ ಆಕೆಗೆ ಇದ್ದ ಅಭಿಪ್ರಾಯ ಒಂದೇ: “ಮನ್ಯಾಗ ಕುಡಿಯೋ ನೀರಿಗೆ ಪಾಳಿ, ಮೀನಿಗೆ ಅಲಿಬಾಗಿಂದ ನೀರು.” ಆಮೇಲೆ ಗೋಬಿ ಆಕೆಯನ್ನು ಗೆದ್ದಿತು. ಅದು ಗಂಟೆಗಟ್ಟಲೆ ಒಂದೇ ಕಡೆ ಅಲುಗದೆ ಕೂರುತ್ತಿತ್ತು, ಆಕೆಯೂ ಹಾಗೇ ಕೂರುತ್ತಿದ್ದಳು. ಆಕೆ ಧಡಕ್ಕನೆ ಎದ್ದರೆ ಅದು ಬಾಲ ಅದುರಿಸಿ ಬಿಲ ಸೇರುತ್ತಿತ್ತು. ಹೀಗಾಗಿ ನಿಧಾನ ಏಳುವುದನ್ನೂ ಕಲಿತಳು. ನಾನು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುವ ಸದ್ದಿಗೆ ಮೀನು ಓಡಿಹೋಗುತ್ತಿತ್ತು. “ನೀವು ಬಂದ್ರಿ ಅಂತ ಅದಕ್ಕೂ ಗೊತ್ತಾತು ನೋಡ್ರಿ,” ಎನ್ನುತ್ತಿದ್ದಳು.

ಮೀನಿನ ಪೂರ್ತಿ ಹೆಸರೇನು ಎಂಬ ಪ್ರಶ್ನೆ ಎದ್ದದ್ದು ಕ್ಲಬ್ಬಿನಿಂದ. ನಗರದಲ್ಲಿ ನಮ್ಮಂಥ ಮೂವತ್ತು ನಲವತ್ತು ಮೀನುಹುಚ್ಚರು ಸೇರಿ ಒಂದು ಕ್ಲಬ್ಬು ಮಾಡಿಕೊಂಡಿದ್ದೆವು. ಅದರ ಅಧ್ಯಕ್ಷರು ದಾಮ್ಲೆ ಸರ್. ಅವರ ಹತ್ತಿರ ವಿದೇಶದಿಂದ ತರಿಸಿದ ಬಣ್ಣದ ಚಿತ್ರಗಳ ದಪ್ಪ ಪುಸ್ತಕವೊಂದಿತ್ತು. ಆ ಪುಸ್ತಕ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತ್ತು ಎಂದರೂ ತಪ್ಪಿಲ್ಲ. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಮೀನಿನ ವರ್ಣನೆ ನಾವು ಹೇಳಬೇಕು, ಅವರು ಪುಸ್ತಕವನ್ನು ತಮ್ಮ ಕಡೆಗೆ ಓರೆ ಮಾಡಿಕೊಂಡು ಹಾಳೆ ತಿರುವಿ ತೀರ್ಪು ಕೊಡಬೇಕು. ತೀರ್ಪಿನ ಮೇಲೆ ಅಪೀಲಿಲ್ಲ. ಅವರು ನಮ್ಮ ಗೋಬಿಯನ್ನು ಒಂದು ಸಲ ಬಂದು, ನಿಂತಲ್ಲೇ, ಚಹಾ ಆರುವುದರೊಳಗೆ ನೋಡಿ ಹೇಳಿದರು: ಮೈಮೇಲೆ ಐದು ಕಂದು ಪಟ್ಟೆ, ಆದ್ದರಿಂದ ಇದು ನೇರಪಟ್ಟೆಯ ಜಾತಿ. ಎಲ್ಲ ಕಡೆ ಸಿಗುವ ಸಾಮಾನ್ಯ ಗೋಬಿ.

ಅವರು ಹೋದ ಮೇಲೆ ಶಾರದಾ ಕುರ್ಚಿಯಿಂದಲೇ ಹೇಳಿದಳು: “ಪಟ್ಟಿ ನೆಟ್ಟಗಿಲ್ಲರೀ ಅವು. ವಾಲ್ಯಾವ.”

“ಮೀನು ವಾಲಿ ಕೂತಿರ್ತದ, ಅದಕ್ಕ ಹಂಗ ಕಾಣಸ್ತದ,” ಎಂದೆ. ದಾಮ್ಲೆ ಸರ್ ಹೇಳಿದ ಮೇಲೆ ಮುಗಿಯಿತಲ್ಲ.

“ಹಂಗಾರ ಆ ಕಡೆ ಮೈ ನೋಡಬೇಕು. ಹಿಂದ ಮುಂದ ಒಂದ ಇದ್ರ ಅದು ಖರೇ. ನೋಡದ ನಾ ಹೇಳಂಗಿಲ್ಲ.”

ಆಕೆ ಆ ಮೀನು ಇನ್ನೊಂದು ಮಗ್ಗುಲು ತೋರಿಸಲಿ ಎಂದು ನಾಲ್ಕು ದಿನ ಕಾದಳು. ಓಣಿಯ ಹುಡುಗಿಯರಿಗೆ ಕಸೂತಿ ಕಲಿಸಲು ತಂದಿದ್ದ ಗ್ರಾಫ್ ಹಾಳೆ ಮನೆಯಲ್ಲಿತ್ತು. ಅದರ ಮೇಲೆ ಒಂದೊಂದು ಚೌಕವೂ ಒಂದೊಂದು ಎಳೆ ಎಂದು ಹಿಡಿದು ಮೀನನ್ನು ಇಳಿಸತೊಡಗಿದಳು. ಬೆನ್ನಿನ ಮುಂದಿನ ರೆಕ್ಕೆಗೆ ಎಷ್ಟು ಕಡ್ಡಿ, ಮೊದಲನೆಯ ಪಟ್ಟೆ ಯಾವ ಕಡ್ಡಿಯ ಕೆಳಗೆ ಶುರುವಾಗಿ ಹೊಟ್ಟೆಯ ಹತ್ತಿರ ಎಷ್ಟು ಚೌಕ ಸರಿಯುತ್ತದೆ, ಎರಡನೆಯದು ಎಷ್ಟು. ಎಡಮೈ ಒಂದು ಹಾಳೆ, ಬಲಮೈ ಒಂದು ಹಾಳೆ. ಆರು ವಾರ ಹಿಡಿಯಿತು. ಎರಡೂ ಕಡೆ ಐದೂ ಪಟ್ಟೆಗಳು ಒಂದೇ ಸಮ ವಾಲಿದ್ದವು. ಅದಲ್ಲದೆ ಕಣ್ಣಿನ ಹಿಂದೆ ಕೆನ್ನೆಯ ಮೇಲೆ ಎರಡು ತೆಳು ಓರೆ ಗೆರೆ. ಅವು ನನಗೆ ಕಂಡೇ ಇರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಕಂಡವು, ಕೂದಲೆಳೆಯಂತೆ.

ಭಾನುವಾರ ಆ ಹಾಳೆಗಳನ್ನು ಹಿಡಿದು ಇಬ್ಬರೂ ದಾಮ್ಲೆ ಸರ್ ಮನೆಗೆ ಹೋದೆವು. ಅವರ ಮಧ್ಯಾಹ್ನದ ನಿದ್ದೆ ಮುಗಿಯಲಿ ಎಂದು ಐದು ಗಂಟೆಯವರೆಗೆ ಕೆಳಗೆ ರಸ್ತೆಯಲ್ಲಿ ಅಡ್ಡಾಡಿದೆವು. ಅವರು ಹಾಳೆಯನ್ನು ದೂರ ಹಿಡಿದು ನೋಡಿ ನಕ್ಕರು. “ವಹಿನೀ, ಹಾ ರುಮಾಲ ನಾಹೀ, ಮಾಸಾ ಆಹೆ,” ಎಂದರು. ಅತ್ತಿಗೆಮ್ಮಾ, ಇದು ಕರವಸ್ತ್ರ ಅಲ್ಲ, ಮೀನು. ಆದರೂ ಉಪಕಾರವೆಂಬಂತೆ ಪುಸ್ತಕ ತೆಗೆದು ಹಾಳೆ ತಿರುವಿದರು. ಶಾರದಾ ಅವರ ಕುರ್ಚಿಯ ಹಿಂದೆ ನಿಂತಿದ್ದಳು. ಒಂದು ಹಾಳೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಚಿತ್ರವೊಂದು ಸರಿದುಹೋಯಿತು. “ಒಂದು ಹಾಳಿ ಹಿಂದ ತಿರವ್ರಿ,” ಎಂದಳು ಕನ್ನಡದಲ್ಲೇ, ಅವಸರದಲ್ಲಿ. ಆಮೇಲೆ ಮರಾಠಿಯಲ್ಲೂ ಹೇಳಿದಳು. ಅವರು ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಇಟ್ಟರು. ನೇರಪಟ್ಟೆಯೇ, ಸಂಶಯ ಬೇಡ ಎಂದರು. ಚಹಾ ಬಂತು.

ಈ ಘಟನೆ ನೆನೆದು ನಾನು ಎಷ್ಟು ಸಲ ದಾಮ್ಲೆ ಸರ್ ಮೇಲೆ ಹಲ್ಲು ಕಡಿದಿದ್ದೇನೆಂದರೆ, ಎಡಭಾಗದ ಹಲ್ಲು ಕೆಟ್ಟದ್ದಕ್ಕೂ ಅದೇ ಕಾರಣವಿದ್ದೀತು. ಒಂದು ಹಾಳೆ! ಹಿಂದಕ್ಕೆ ತಿರುವಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆರು ವಾರ ಕೂತು ನೋಡಿದವಳ ಮಾತಿಗೆ ಆರು ಕ್ಷಣದ ಬೆಲೆ ಇಲ್ಲವೇ? ಸ್ನೇಹಿತರಿಗೆಲ್ಲ ಹೀಗೆ ಹೇಳಿಕೊಂಡು ತಿರುಗಿದ್ದೇನೆ. ಹೇಳುವಾಗ ಒಂದು ಸಂಗತಿ ಬಿಟ್ಟು ಹೇಳುತ್ತಿದ್ದೆ. ಅವರು ರುಮಾಲಿನ ಮಾತು ಆಡಿದಾಗ ನಾನೂ ನಕ್ಕಿದ್ದೆ. ಜೋರಾಗಿ ಅಲ್ಲ, ಅಧ್ಯಕ್ಷರ ಮನೆಯಲ್ಲಿ ಚಹಾ ಕುಡಿಯುವವನು ನಗಬೇಕಾದಷ್ಟೇ. ಬರುವಾಗ ಮಾರ್ಕೆಟ್ಟಿನಲ್ಲಿ ಶಾರದಾ ಮೆಂತ್ಯೆ ಸೊಪ್ಪು ಕೊಂಡಳು.

ಆಮೇಲೆ ಎರಡು ತಿಂಗಳಿಗೆ ಕ್ಲಬ್ಬಿನ ವಾರ್ಷಿಕ ಪ್ರದರ್ಶನ ಬಂತು. ಒಂದು ಶಾಲೆಯ ಹಾಲಿನಲ್ಲಿ. ಎಲ್ಲರೂ ತಮ್ಮ ತಮ್ಮ ಮೀನು ತರಬೇಕು, ಅಧ್ಯಕ್ಷರು ಬರೆದುಕೊಟ್ಟ ಹೆಸರಿನ ಚೀಟಿ ಅಂಟಿಸಬೇಕು. ನಮ್ಮ ಕ್ಲಬ್ಬಿನಲ್ಲಿ ಗಂಡಸರಿಗೆ ಸಿಹಿನೀರು ವಿಭಾಗ, ಉಪ್ಪುನೀರು ವಿಭಾಗ ಎಂದು ಎರಡಿದ್ದವು. ಹೆಂಗಸರಿಗೆ ಪೋಹೆ ವಿಭಾಗ, ಅಂದರೆ ಒಗ್ಗರಣೆ ಅವಲಕ್ಕಿ. ಯಾರೂ ಹಾಗೆಂದು ಠರಾವು ಮಾಡಿರಲಿಲ್ಲ. ಬಂದ ಹೆಂಗಸರು ತಾವಾಗಿಯೇ ಹಾಲಿನ ಹಿಂದಿನ ಅಡಿಗೆ ಕೋಣೆಗೆ ಹೋಗಬೇಕೆಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೆ. ಶಾರದಾ ಅವಲಕ್ಕಿಯ ಚೀಲ ಹಿಡಿದು ಒಳಗೆ ಹೋಗುವಾಗ ನಮ್ಮ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತಳು. ‘ನೇರಪಟ್ಟೆ ಗೋಬಿ’ ಎಂಬ ಚೀಟಿಯನ್ನು ಓದಿದಳು. ನನ್ನ ಕಡೆ ನೋಡಲಿಲ್ಲ, ಒಳಗೆ ಹೋದಳು.

ಇನ್ನೊಂದು ಪರಾಕ್ರಮವನ್ನೂ ಹೇಳಿಬಿಡುತ್ತೇನೆ. ತೊಟ್ಟಿಯ ಹಿಂಬದಿಗೆ ಬೆಳಕು ಬೀಳದಂತೆ ಕಪ್ಪು ಕಾಗದ ಅಂಟಿಸಬೇಕಿತ್ತು. ಕಾಗದ ಸ್ವಲ್ಪ ಸಾಲದೆ ಬಂತು. ಚೀಲದಲ್ಲಿ ಕೈಗೆ ಸಿಕ್ಕದ್ದು ಶಾರದಾಳ ಗ್ರಾಫ್ ಹಾಳೆ. ಅದನ್ನೇ ಚಿತ್ರ ಒಳಮುಖ ಮಾಡಿ ಅಂಟಿಸಿದ್ದೆ.

ಮುಖ್ಯ ಅತಿಥಿ ಕೊಚ್ಚಿಯ ಕಡೆಯಿಂದ ಬಂದ ಒಬ್ಬ ಮೇಡಂ. ಮೀನುಗಳನ್ನೇ ಓದಿ, ಮೀನುಗಳಲ್ಲೇ ತಲೆ ನೆರೆಸಿಕೊಂಡವರು. ದಾಮ್ಲೆ ಸರ್ ಮೇಡಂ ಮುಂದೆ ಮುಂದೆ ನಡೆಯುತ್ತ ಪ್ರತಿ ತೊಟ್ಟಿಯ ಹತ್ತಿರವೂ ಭಾಷಣ ಮಾಡುತ್ತಿದ್ದರು. ನಮ್ಮ ತೊಟ್ಟಿಯ ಹತ್ತಿರ ಮೇಡಂ ಆ ಭಾಷಣವನ್ನು ಕೈಸನ್ನೆಯಿಂದ ನಿಲ್ಲಿಸಿ ಬಗ್ಗಿದರು. ಮೀನನ್ನು ನೋಡಿದರು. ಚೀಟಿ ನೋಡಿದರು. ಕನ್ನಡಕ ತೆಗೆದು ಗಾಜಿಗೆ ಮೂಗು ಹಚ್ಚಿ, ನೀರಿನ ಆಚೆ ಹಿಂಬದಿಯಲ್ಲಿ ಕಾಣುತ್ತಿದ್ದ ಹಾಳೆ ನೋಡಿದರು. ಆಮೇಲೆ ಮೇಜು ಸುತ್ತಿ ಹೋಗಿ ಆ ಹಾಳೆಯನ್ನು ತಾವೇ ಬಿಡಿಸಿ ಕೈಗೆ ತೆಗೆದುಕೊಂಡರು.

“ಚೀಟಿ ತಪ್ಪು,” ಎಂದರು ಹಿಂದಿಯಲ್ಲಿ. “ಹಾಳೆ ಸರಿ. ಇದು ಓರೆಪಟ್ಟೆಯ ಗೋಬಿ. ಇವೆರಡನ್ನೂ ಒಂದಕ್ಕೊಂದು ತಪ್ಪು ತಿಳಿಯುವವರು ಬಹಳ. ಸತ್ತ ಮೇಲೆ ಬಣ್ಣ ಹೋಗಿಬಿಡುತ್ತದೆ, ಬದುಕಿದ್ದಾಗ ಇಷ್ಟು ಹೊತ್ತು ಯಾರೂ ನೋಡುವುದಿಲ್ಲ. ಪಟ್ಟೆ ಎಷ್ಟು ವಾಲಿದೆ ಎಂದು ಎಣಿಸಿದ್ದಾರಲ್ಲ! ಯಾರು ಮಾಡಿದ್ದು ಇದು?”

ದಾಮ್ಲೆ ಸರ್ ಪುಣೆಯವರು, ಚುರುಕು. ಒಂದು ಕ್ಷಣವೂ ತಡಮಾಡದೆ ನನ್ನ ಹೆಗಲ ಮೇಲೆ ಕೈ ಹಾಕಿದರು. “ಆಮಚೇ ದೇಸಾಯಿ!” ಎಂದರು. ನಮ್ಮ ದೇಸಾಯರು.

ನಾನು ಬಾಯಿ ತೆರೆದೆ. ಖಂಡಿತ ತೆರೆದೆ. ಆದರೆ ಎರಡು ತಿಂಗಳಿಂದ ಕ್ಲಬ್ಬಿನಲ್ಲಿ ನನ್ನನ್ನು ‘ರುಮಾಲವಾಲೆ’ ಎಂದು ಕರೆದು ನಕ್ಕವರೆಲ್ಲ ಈಗ ಸುತ್ತ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟ ಎಷ್ಟು ಸಿಹಿಯಾಗಿತ್ತೆಂದರೆ, ಒಂದು ನಿಮಿಷ ಅನುಭವಿಸಿ ಆಮೇಲೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಮೇಡಂ ಕೈ ಕುಲುಕಿದರು. ಮೈಕಿನಲ್ಲಿ ಹೆಸರು ಕೂಗಿದರು. ವೇದಿಕೆಗೆ ಹತ್ತಿಸಿ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಚಪ್ಪಾಳೆ. ಶಾಲು ಹೊದ್ದವನು ಮೈಕು ಹಿಡಿದು ‘ಇದು ನಾನಲ್ಲ’ ಎಂದರೆ ಸಮಾರಂಭ ಕೆಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚಪ್ಪಾಳೆಯ ಸದ್ದಿಗೆ ಏನಾಯಿತೆಂದು ನೋಡಲು ಅಡಿಗೆ ಕೋಣೆಯ ಬಾಗಿಲಿಗೆ ಹೆಂಗಸರು ಬಂದಿದ್ದರು. ಅವರಲ್ಲಿ ಶಾರದಾ, ಕೈಯಲ್ಲಿ ಸೌಟು. ಮೇಡಂ ಕೈಯಲ್ಲಿ ತನ್ನ ಹಾಳೆ ಇರುವುದನ್ನು ನೋಡಿದಳು. ಓರೆಪಟ್ಟೆ ಎಂದು ಮೈಕಿನಲ್ಲಿ ಹೇಳಿದ್ದನ್ನು ಕೇಳಿದಳು. ಮುಖ ಬೆಳಗಿತು. ಅದು ನನಗೆ ವೇದಿಕೆಯಿಂದಲೇ ಕಂಡಿತು. ಆಮೇಲೆ ನನ್ನ ಮೈಮೇಲಿನ ಶಾಲು ನೋಡಿದಳು. ಒಳಗೆ ಹೋದಳು.

ಅರ್ಧ ಗಂಟೆಯ ನಂತರ ಎಲ್ಲರಿಗೂ ಕೊಟ್ಟಂತೆ ನನಗೂ ಪೋಹೆಯ ತಟ್ಟೆ ಕೊಟ್ಟಳು. “ತೊಗೋರಿ,” ಎಂದಳು. ಮೇಲೆ ಕೊತ್ತಂಬರಿ, ಕಾಯಿತುರಿ, ನಿಂಬೆಹೋಳು, ಯಾವುದೂ ಕಡಿಮೆ ಇರಲಿಲ್ಲ. ಜಗಳ ಆಡಿದ್ದರೆ ಎಷ್ಟು ಚೆನ್ನಾಗಿತ್ತು.

ಮನೆಗೆ ಬಂದು ನಾನು ದಾಮ್ಲೆ ಸರ್ ಮೇಲೆ ಹರಿಹಾಯ್ದೆ. ಎಂಥ ಮನುಷ್ಯ ಅಂವ, ನಿನ್ನ ಹೆಸರು ಹೇಳೋದು ಬಿಟ್ಟು ನನ್ನ ಹೆಸರು ಹೇಳಿದ, ಹೆಣ್ಣುಮಗಳ ಕೆಲಸ ಅಂದ್ರ ಅಷ್ಟು ಸಸಾರೇನು ಎಂದೆಲ್ಲ ಕೂಗಾಡಿದೆ. ಶಾರದಾ ಕೇಳಿಸಿಕೊಂಡಳು. “ಹೋಗ್ಲಿ ಬಿಡ್ರಿ, ಮೀನಿನ ಹೆಸರು ಸರಿ ಆತಲ್ಲ,” ಎಂದಳು. ನಾನು ಅದನ್ನು ಕ್ಷಮೆ ಎಂದು ತಿಳಿದುಕೊಂಡೆ. ಒಂದು ತಿಂಗಳಿಗೆ ಕ್ಲಬ್ಬು ಪುಸ್ತಿಕೆ ಅಚ್ಚು ಹಾಕಿಸಿತು. ಅದರಲ್ಲಿ ನಮ್ಮ ಮೀನಿನ ಚಿತ್ರ, ಶಾರದಾಳ ಗ್ರಾಫು, ಅದರ ಕೆಳಗೆ ‘ಗುರುತಿಸಿದವರು: ಶ್ರೀ ದೇಸಾಯಿ.’ ಅಚ್ಚಿಗೆ ಹೋಗುವ ಮುಂಚೆ ಕರಡು ನನ್ನ ಕೈಗೇ ಬಂದಿತ್ತು. ನಾನು ಅದರಲ್ಲಿ ಎರಡು ಕಡೆ ಅಲ್ಪವಿರಾಮ ಸರಿಮಾಡಿ ವಾಪಸು ಕಳಿಸಿದ್ದೆ.

ಆಮೇಲೆ ಶಾರದಾ ತನ್ನ ಕುರ್ಚಿಯನ್ನು ಇನ್ನೊಂದು ಕಿಟಕಿಗೆ ಸರಿಸಿದಳು. ಅಲ್ಲಿ ಬೆಳಕು ಸ್ವಲ್ಪ ಕಡಿಮೆ. ಗೋಬಿ ಇನ್ನೂ ಮೂರು ವರ್ಷ ಬದುಕಿತು. ನಾನು ಬೇರೆ ಮೀನು ತಂದಾಗಲೆಲ್ಲ ಗ್ರಾಫ್ ಹಾಳೆ, ಭೂತಗನ್ನಡಿ ಹಿಡಿದು ಆಕೆಯ ಹತ್ತಿರ ಹೋಗುತ್ತಿದ್ದೆ. “ನನಗ ಈಗ ಕಣ್ಣು ಹತ್ತಂಗಿಲ್ಲರಿ,” 
ಎನ್ನುತ್ತಿದ್ದಳು. ಎನ್ನುತ್ತ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದಳು. ನಾನು ಕ್ಲಬ್ಬಿನ ಮೇಲೆ, ಕಂಡಕ್ಟರಿನ ಮೇಲೆ, ಗಂಡ ಹೆಂಡತಿ ಎನ್ನುವ ನೆಂಟರ ಮೇಲೆ, ಊರಿನವರೆಲ್ಲರ ಮೇಲೆ ಸಿಟ್ಟು ಮಾಡುತ್ತ ಕಾಲ ಕಳೆದೆ. ಸಿಟ್ಟು ಮಾಡುವುದಕ್ಕೆ ಅಷ್ಟು ಜನ ಸಿಕ್ಕರೆ ಒಬ್ಬ ಮನುಷ್ಯ ತಪ್ಪಿಸಿಕೊಳ್ಳುವುದು ಸುಲಭ.

ಮೊನ್ನೆ ಧಾರವಾಡದಿಂದ ಶಾರದಾಳ ತಂಗಿಯ ಮಗಳು ಅಶ್ವಿನಿ ಬಂದಿದ್ದಳು. ಜೀವಶಾಸ್ತ್ರ ಓದುವ ಹುಡುಗಿ. ಕಪಾಟಿನಲ್ಲಿ ಏನೋ ಹುಡುಕುತ್ತ ಆ ಪುಸ್ತಿಕೆ ತೆಗೆದಳು. ಹಾಳೆ ತಿರುವಿ, ಕಣ್ಣರಳಿಸಿ, “ಕಾಕಾ, ಇದು ನೀವು ಗುರ್ತ ಹಿಡದದ್ದಾ? ಎಷ್ಟು ಛಂದ ಎಣಿಸೀರಿ!” ಎಂದಳು. ನಾನು ಕನ್ನಡಕ ಒರೆಸಿಕೊಂಡೆ.

ಅಶ್ವಿನಿ ಅಡಿಗೆಮನೆಯ ಕಡೆ ತಿರುಗಿ ಕೇಳಿದಳು: “ಮಾವಶಿ, ಆ ಪ್ರದರ್ಶನಕ್ಕ ನೀನೂ ಹೋಗಿದ್ದ್ಯಾ?”

“ಹೋಗಿದ್ದೆನಲ್ಲವಾ,” ಎಂದಳು ಶಾರದಾ ಒಳಗಿನಿಂದ. “ನಾ ಪೋಹೆ ಮಾಡ್ಲಿಕ್ಕತ್ತಿದ್ದೆ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನಡೆದದ್ದನ್ನು ಹೇಳಿದಳು. ಅಶ್ವಿನಿ ಮಧ್ಯಾಹ್ನದ ಬಸ್ಸಿಗೆ ಹೋದಳು. ಹೋಗುವ ತನಕವೂ ನಾನು ಬಾಯಿ ಬಿಡಲಿಲ್ಲ. ಇಂಥ ಮನುಷ್ಯನನ್ನು ಏನು ಮಾಡಬೇಕು ಹೇಳಿ. ಆಕೆ ಹೋದ ಮೇಲೆ, ಯಾರೂ ಇಲ್ಲದಾಗ, ನನಗೆ ಶೌರ್ಯ ಬಂತು. ಪೆನ್ನು ತೆಗೆದುಕೊಂಡು ಪುಸ್ತಿಕೆಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ದೊಡ್ಡದಾಗಿ ‘ಶಾರದಾ ದೇಸಾಯಿ’ ಎಂದು ಬರೆದು, ಒಯ್ದು ಆಕೆಯ ಮುಂದೆ ಹಿಡಿದೆ.

ಶಾರದಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಓದಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

“ಮನ್ಯಾಗಿನ ಪುಸ್ತಕದಾಗ ಬರದ್ರ ಯಾರು ಓದ್ತಾರ್ರಿ? ನಾ ಒಬ್ಬಾಕಿ. ನನಗ ಅದು ಮೊದಲ ಗೊತ್ತದ.”

ಅದಕ್ಕೇ ಇದನ್ನು ಇಲ್ಲಿ, ನೀವು ಓದುವ ಕಡೆ, ಬರೆಯುತ್ತಿದ್ದೇನೆ. ಆ ಗೋಬಿಯನ್ನು ಗುರುತಿಸಿದವಳು ಶಾರದಾ. ಚಪ್ಪಾಳೆ ತೆಗೆದುಕೊಂಡವನು ನಾನು.